ಹೆದರುವ ಮಗುವಿಗೆ ಹಿಪ್ನೋಥೆರಪಿ: ಯಾವಾಗ, ಯಾರಿಂದ, ಎಷ್ಟರ ಮಟ್ಟಿಗೆ?



“ಫಾದರ್, ನಮ್ಮ ಹಾಸ್ಟೆಲಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಇದ್ದಾನೆ. ಶಾಲೆಗೆ ಹೊರಡುವ ಹೊತ್ತಾದರೆ ಹೊಟ್ಟೆನೋವು ಎನ್ನುತ್ತಾನೆ. ಎರಡು ತಿಂಗಳಿಂದ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ಮಾತನಾಡಿಸಿದರೆ ಸಿಟ್ಟು. ಹಿಪ್ನಾಟಿಸಂ ಮಾಡಿಸಿದರೆ ಒಂದೇ ಸಲಕ್ಕೆ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಕರೆದುಕೊಂಡು ಹೋಗಬಹುದೇ? ಅದು ನಮ್ಮ ವಿಶ್ವಾಸಕ್ಕೆ ವಿರುದ್ಧವೇ?”

ಘಟ್ಟದ ಮೇಲೆ, ದಾವಣಗೆರೆ ಜಿಲ್ಲೆಯಲ್ಲಿ ಸೇವೆಯಲ್ಲಿರುವ ಧರ್ಮಭಗಿನಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು. ಆ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮುಂತಾದ ಕಡೆಯ ಮಕ್ಕಳ ನಡುವೆ ಕೆಲಸ ಮಾಡುವ ನಮ್ಮವರು ಇಂಥ ಪ್ರಶ್ನೆಗಳನ್ನು ಎದುರಿಸುತ್ತಲೇ ಇರುತ್ತಾರೆ. ಕರಾವಳಿಯ ಮನೆಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ, ಆದರೆ ಇಲ್ಲಿ ತಜ್ಞರು ಹತ್ತಿರದಲ್ಲಿದ್ದಾರೆ. ಅಲ್ಲಿ ಒಬ್ಬ ಮನೋವೈದ್ಯರನ್ನು ಕಾಣಲು ಕೂಲಿಯ ಒಂದು ದಿನವನ್ನೂ ಬಸ್ಸಿನ ದುಡ್ಡನ್ನೂ ಲೆಕ್ಕ ಹಾಕಬೇಕಾಗುತ್ತದೆ. ಆದ್ದರಿಂದ ತಪ್ಪು ಬಾಗಿಲು ತಟ್ಟಿದರೆ ಆಗುವ ನಷ್ಟವೂ ದೊಡ್ಡದು. ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ನಿದ್ರೆಯಲ್ಲ, ವಶೀಕರಣವೂ ಅಲ್ಲ

ಹಿಪ್ನಾಟಿಸಂ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಜಾದೂ ಪ್ರದರ್ಶನ. ವೇದಿಕೆಯ ಮೇಲೆ ಒಬ್ಬರು ಕೈ ಆಡಿಸುತ್ತಾರೆ, ಎದುರಿಗಿದ್ದವರು ನಿದ್ದೆ ಹೋಗುತ್ತಾರೆ, ಹೇಳಿದಂತೆ ಕುಣಿಯುತ್ತಾರೆ. ಇದರಿಂದಾಗಿ ‘ವಶೀಕರಣ’ ಎಂಬ ಹಳೆಯ ಮಾತೂ ಇದಕ್ಕೆ ಅಂಟಿಕೊಂಡಿದೆ. ಚಿಕಿತ್ಸೆಯಲ್ಲಿ ಬಳಸುವ ಸಮ್ಮೋಹನಕ್ಕೂ ಈ ಆಟಕ್ಕೂ ಬಹಳ ಅಂತರವಿದೆ.

ಇದರ ಚರಿತ್ರೆಯಲ್ಲಿ ಗೊಂದಲವಿದ್ದುದು ನಿಜ. 18ನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯ ತನ್ನಿಂದ ಕಾಣದ ಒಂದು ಕಾಂತಶಕ್ತಿ ರೋಗಿಗೆ ಹರಿಯುತ್ತದೆ ಎಂದು ಹೇಳುತ್ತಿದ್ದ. 1784ರಲ್ಲಿ ಫ್ರಾನ್ಸಿನ ಅರಸ ನೇಮಿಸಿದ ಸಮಿತಿ ಇದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಅದರಲ್ಲಿದ್ದರು. ಅಂಥ ಶಕ್ತಿ ಯಾವುದೂ ಇಲ್ಲ, ಕೆಲಸ ಮಾಡುವುದು ರೋಗಿಯ ಕಲ್ಪನೆಯೇ ಎಂದು ಸಮಿತಿ ಹೇಳಿತು. 1840ರ ದಶಕದಲ್ಲಿ ಜೇಮ್ಸ್ ಬ್ರೈಡ್ ಎಂಬ ಶಸ್ತ್ರವೈದ್ಯರು ಗ್ರೀಕ್ ಭಾಷೆಯ ನಿದ್ರೆ ಎಂಬ ಪದದಿಂದ ಬಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯರು ಈ ವಿಧಾನದಿಂದ ನೋವು ತಗ್ಗಿಸಿ ಶಸ್ತ್ರಕ್ರಿಯೆಗಳನ್ನು ನಡೆಸಿದರು. ಕ್ಲೋರೋಫಾರ್ಮ್ ಇನ್ನೂ ಬಳಕೆಗೆ ಬಂದಿರದ ಕಾಲ ಅದು.

ಇಂದಿನ ವೈದ್ಯರು ಇದನ್ನು ಹೀಗೆ ವಿವರಿಸುತ್ತಾರೆ: ಇದು ನಿದ್ರೆಯಲ್ಲ. ಮನಸ್ಸು ಒಂದೇ ವಿಷಯದಲ್ಲಿ ಮುಳುಗಿ, ಸುತ್ತಲಿನ ಗದ್ದಲ ಹಿಂದೆ ಸರಿದ ಸ್ಥಿತಿ. ರಾತ್ರಿಯಿಡೀ ಯಕ್ಷಗಾನ ನೋಡುವ ಹುಡುಗನನ್ನು ನೆನಪಿಸಿಕೊಳ್ಳಿ. ಅಜ್ಜಿಯ ಕಥೆ ಕೇಳುತ್ತಾ ಊಟ ಮಾಡುವ ಮಗು ಎಷ್ಟು ತುತ್ತು ನುಂಗಿತೆಂದು ಅದಕ್ಕೇ ತಿಳಿಯದು. ಅದು ಕಣ್ಣು ಬಿಟ್ಟೇ ಇದೆ, ಆದರೂ ಕಥೆಯೊಳಗೆ ಇದೆ. ಅಂಥ ಸ್ಥಿತಿಯಲ್ಲಿ ಹೇಳಿದ ಸಮಾಧಾನದ ಮಾತು ಮನಸ್ಸಿಗೆ ಸುಲಭವಾಗಿ ಇಳಿಯುತ್ತದೆ. ಕಥೆಯಲ್ಲಿ, ಆಟದಲ್ಲಿ ಬೇಗನೆ ಮುಳುಗುವ ಮಕ್ಕಳು ದೊಡ್ಡವರಿಗಿಂತ ಸುಲಭವಾಗಿ ಇದಕ್ಕೆ ಸ್ಪಂದಿಸುತ್ತಾರೆ. ಮಗುವಿಗೆ ಎಲ್ಲ ಮಾತೂ ಕೇಳಿಸುತ್ತಿರುತ್ತದೆ. ಬೇಡವೆನಿಸಿದರೆ ಎದ್ದು ಹೋಗಬಹುದು. ಮಗುವಿನ ಇಚ್ಛೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಮಗುವಿನೊಂದಿಗೆ ಹೇಗೆ ನಡೆಯುತ್ತದೆ?

ತರಬೇತಿ ಪಡೆದವರು ಮೊದಲ ದಿನವೇ ಸಮ್ಮೋಹನಕ್ಕೆ ಕೈ ಹಾಕುವುದಿಲ್ಲ. ಮೊದಲು ತಂದೆತಾಯಿಯರೊಡನೆ, ಆಮೇಲೆ ಮಗುವಿನೊಡನೆ ಮಾತನಾಡುತ್ತಾರೆ. ದೇಹದ ಕಾಯಿಲೆ ಏನಾದರೂ ಇದೆಯೇ ಎಂದು ಪರೀಕ್ಷೆ ಆಗಿರಬೇಕು. ಮಗುವಿಗೆ ಅದರ ಭಾಷೆಯಲ್ಲೇ ವಿವರಿಸಿ, ಮಗು ಒಪ್ಪಿದರೆ ಮಾತ್ರ ಮುಂದುವರಿಯುತ್ತಾರೆ.

ಆಮೇಲೆ ನಡೆಯುವುದು ಸರಳವಾದ ಕೆಲಸ. ನಿಧಾನವಾಗಿ ಉಸಿರಾಡಲು ಹೇಳುತ್ತಾರೆ. ಮಗುವಿಗೆ ಇಷ್ಟವಾದ ಒಂದು ಜಾಗವನ್ನು ಮನಸ್ಸಿನಲ್ಲೇ ನೋಡಲು ಹೇಳುತ್ತಾರೆ. ಚನ್ನಗಿರಿಯ ಮಗುವಾದರೆ ಸೂಳೆಕೆರೆಯ ಏರಿ ಇರಬಹುದು, ಹೊನ್ನಾಳಿಯ ಮಗುವಾದರೆ ತುಂಗಭದ್ರೆಯ ದಂಡೆ ಇರಬಹುದು. ಅಲ್ಲಿ ಗಾಳಿ ಹೇಗಿದೆ, ಏನು ಕೇಳಿಸುತ್ತದೆ, ಜೊತೆಗೆ ಯಾರಿದ್ದಾರೆ ಎಂದು ಮಗುವೇ ಹೇಳುತ್ತಾ ಹೋಗುತ್ತದೆ. ಮೈ ಸಡಿಲವಾದ ಮೇಲೆ, ಹೊಟ್ಟೆಯ ನೋವು ರೇಡಿಯೋದ ಸದ್ದಿನಂತೆ, ಅದನ್ನು ಕಡಿಮೆ ಮಾಡುವ ತಿರುಪು ನಿನ್ನ ಕೈಯಲ್ಲೇ ಇದೆ ಎಂಬಂಥ ಒಂದು ಚಿತ್ರವನ್ನು ಕೊಡುತ್ತಾರೆ. ಮುಖ್ಯವಾದುದು ಆಮೇಲಿನದು. ಇದನ್ನೇ ಮನೆಯಲ್ಲಿ ದಿನವೂ ಸ್ವಲ್ಪ ಹೊತ್ತು ತಾನಾಗಿ ಮಾಡಲು ಮಗುವಿಗೆ ಕಲಿಸುತ್ತಾರೆ. ಅಂದರೆ ಒಳ್ಳೆಯ ಚಿಕಿತ್ಸಕರು ಮಗುವಿಗೆ ತನ್ನ ಹೆದರಿಕೆಯನ್ನು ತಾನೇ ನಿಭಾಯಿಸಲು ಕಲಿಸುತ್ತಾರೆ. ಮಗು ತಮ್ಮನ್ನೇ ನೆಚ್ಚಿಕೊಂಡಿರುವಂತೆ ಮಾಡುವುದಿಲ್ಲ.

ಯಾವುದಕ್ಕೆ ಪ್ರಯೋಜನ? ಯಾವುದಕ್ಕೆ ಇಲ್ಲ?

ಇಲ್ಲಿ ನಾವು ಎಚ್ಚರಿಕೆಯಿಂದ ಮಾತನಾಡಬೇಕು. ಪರೀಕ್ಷೆಗಳಲ್ಲಿ ಏನೂ ಕಾಣದ, ಆದರೆ ಮತ್ತೆ ಮತ್ತೆ ಬರುವ ಹೊಟ್ಟೆನೋವಿನಲ್ಲಿ ಇದರ ಪ್ರಯೋಜನ ಚೆನ್ನಾಗಿ ಕಂಡುಬಂದಿದೆ. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ 8ರಿಂದ 18 ವರ್ಷದ 53 ಮಕ್ಕಳಿದ್ದರು. ಕೆಲವರಿಗೆ ಮೂರು ತಿಂಗಳಲ್ಲಿ ಆರು ಬಾರಿ ಹಿಪ್ನೋಥೆರಪಿ ಕೊಟ್ಟರು, ಉಳಿದವರಿಗೆ ಎಂದಿನ ಚಿಕಿತ್ಸೆ ಕೊಟ್ಟರು. ಒಂದು ವರ್ಷದ ನಂತರ ನೋಡಿದಾಗ ಮೊದಲ ಗುಂಪಿನಲ್ಲಿ ಶೇ. 85ರಷ್ಟು, ಎರಡನೆಯ ಗುಂಪಿನಲ್ಲಿ ಶೇ. 25ರಷ್ಟು ಮಕ್ಕಳು ಚೇತರಿಸಿಕೊಂಡಿದ್ದರು. ಗುಂಪು ಚಿಕ್ಕದಾದರೂ ಫಲ ಗಮನಾರ್ಹ. ಸೂಜಿ ಚುಚ್ಚುವಾಗ, ಗಾಯಕ್ಕೆ ಪಟ್ಟಿ ಕಟ್ಟುವಾಗ ಮಕ್ಕಳಿಗಾಗುವ ನೋವು, ಭಯ ಇವುಗಳಿಗೂ ಇದು ನೆರವಾಗುತ್ತದೆ.

ಆತಂಕದ ವಿಷಯದಲ್ಲಿ ಇದು ನೆರವಾಗಬಹುದು, ಆದರೆ ಜೊತೆಯ ಉಪಾಯವಾಗಿ ಮಾತ್ರ. ಮಕ್ಕಳ ಆತಂಕಕ್ಕೆ ತಜ್ಞರು ಮೊದಲು ಆರಿಸಿಕೊಳ್ಳುವುದು ಬೇರೆ ವಿಧಾನವನ್ನು: ಹೆದರಿಕೆಯ ಯೋಚನೆಗಳನ್ನು ಗುರುತಿಸಲು ಕಲಿಸಿ, ಹೆದರುವ ವಿಷಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಅಭ್ಯಾಸ ಮಾಡಿಸುವ ಮಾತಿನ ಚಿಕಿತ್ಸೆ.

ಇನ್ನು ಹಟ, ಹೊಡೆದಾಟ, ಸುಳ್ಳು, ಕಳ್ಳತನ, ಒಂದೆಡೆ ಕೂರಲಾರದ ಚಡಪಡಿಕೆ, ಓದಿನಲ್ಲಿ ಹಿಂದೆ ಬೀಳುವುದು ಇವುಗಳನ್ನು ಹಿಪ್ನೋಥೆರಪಿ ಗುಣಪಡಿಸುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ. ನಡವಳಿಕೆಯ ತೊಂದರೆಗಳಲ್ಲಿ ಹೆಚ್ಚು ಫಲ ಕೊಡುವುದು ತಂದೆತಾಯಿಯರಿಗೆ ಕೊಡುವ ತರಬೇತಿ. ಮಗುವಿನ ಒಳ್ಳೆಯ ನಡತೆಯನ್ನು ಗಮನಿಸಿ ಮೆಚ್ಚುವುದು, ನಿಯಮಗಳು ಕೆಲವೇ ಇದ್ದು ದಿನವೂ ಒಂದೇ ತೆರನಾಗಿರುವುದು, ಹೊಡೆಯದೆ ತಿದ್ದುವುದು. ‘ಮಗುವನ್ನು ಬಿಟ್ಟು ಹೋಗಿ, ಸರಿಮಾಡಿ ಕೊಡುತ್ತೇವೆ’ ಎನ್ನುವವರಿಗಿಂತ ‘ನೀವೂ ಬಂದು ಕುಳಿತುಕೊಳ್ಳಿ’ ಎನ್ನುವವರನ್ನು ನಂಬಬಹುದು.

ಅಪಾಯವಿರುವ ಸಂದರ್ಭಗಳೂ ಇವೆ. ಇಲ್ಲದ ಧ್ವನಿ ಕೇಳಿಸುವ, ವಾಸ್ತವದ ಅರಿವು ತಪ್ಪಿದ ಮಗುವಿಗೆ ಇದನ್ನು ಮಾಡಬಾರದು. ಮರೆತುಹೋದ ಕಹಿ ನೆನಪುಗಳನ್ನು ಹೊರಗೆಳೆಯಲು ಬಳಸಬಾರದು, ಏಕೆಂದರೆ ಈ ಸ್ಥಿತಿಯಲ್ಲಿ ನಡೆಯದ ಘಟನೆಯೂ ನಡೆದಂತೆ ಮನಸ್ಸಿನಲ್ಲಿ ನಿಲ್ಲಬಹುದು. ಹೀಗೆ ಎಬ್ಬಿಸಿದ ನೆನಪುಗಳನ್ನು ನೆಚ್ಚಲಾಗದು ಎಂದು ಅಮೆರಿಕದ ವೈದ್ಯಕೀಯ ಸಂಘದ ಸಮಿತಿ 1985ರಲ್ಲೇ ಎಚ್ಚರಿಸಿತ್ತು. ‘ಹಿಂದಿನ ಜನ್ಮಕ್ಕೆ ಕರೆದೊಯ್ಯುವ’ ಪ್ರಯೋಗಗಳು ಚಿಕಿತ್ಸೆಯೇ ಅಲ್ಲ.

ತುಂಟತನದ ಹಿಂದೆ ಏನಿದೆ?

ಮಗು ತನ್ನ ಕಷ್ಟವನ್ನು ದೊಡ್ಡವರಂತೆ ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆನೋವಿನಿಂದ, ಸಿಟ್ಟಿನಿಂದ, ಒದ್ದೆಯಾದ ಹಾಸಿಗೆಯಿಂದ ಹೇಳುತ್ತದೆ. ಆ ಮಾತನ್ನು ಕೇಳುವ ಮೊದಲೇ ಬಾಯಿ ಮುಚ್ಚಿಸುವ ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ?

ಹಲಗೆಯ ಮೇಲಿನ ಅಕ್ಷರ ಕಾಣದ ಮಗು ಪಾಠದಲ್ಲಿ ಗಮನವಿಲ್ಲದೆ ಗಲಾಟೆ ಮಾಡುತ್ತದೆ. ಅದಕ್ಕೆ ಬೇಕಾದುದು ಕನ್ನಡಕ. ಕಿವಿ ಸರಿಯಾಗಿ ಕೇಳದ ಮಗುವನ್ನು ಮಾತು ಕೇಳದ ಮಗು ಎಂದು ಬಯ್ಯುತ್ತೇವೆ. ಕ್ಷಣಕಾಲ ಶೂನ್ಯವಾಗಿ ನೋಡುತ್ತಾ ನಿಂತುಬಿಡುವ ಮಗುವಿಗೆ ಒಂದು ಬಗೆಯ ಫಿಟ್ಸ್ ಇರಬಹುದು. ಬುದ್ಧಿ ಚುರುಕಾಗಿದ್ದೂ ಓದಲು, ಬರೆಯಲು ಒದ್ದಾಡುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಅಂಗೀಕರಿಸಿದೆ. ಐದಾರು ವರ್ಷದವರೆಗೆ ಹಾಸಿಗೆ ಒದ್ದೆ ಮಾಡುವುದು ಸಾಮಾನ್ಯ. ಆದರೆ ನಿಂತುಹೋಗಿದ್ದ ಅಭ್ಯಾಸ ಮತ್ತೆ ಶುರುವಾದರೆ ಮೂತ್ರದ ಸೋಂಕು ಇದೆಯೇ ಎಂದು ನೋಡಬೇಕು. ಜೊತೆಗೆ ಬಾಯಾರಿಕೆ ಹೆಚ್ಚಿ, ಮಗು ಸೊರಗುತ್ತಿದ್ದರೆ ಅಂದೇ ರಕ್ತದ ಸಕ್ಕರೆ ಪರೀಕ್ಷಿಸಬೇಕು, ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಇಲ್ಲಿ ತಡಮಾಡಿದರೆ ಜೀವಕ್ಕೇ ಅಪಾಯ.

ದೇಹದಲ್ಲಿ ಏನೂ ಇಲ್ಲವೆಂದಾದರೆ ಮನೆಯನ್ನೂ ಶಾಲೆಯನ್ನೂ ನೋಡಬೇಕು. ಮಳೆ ಕೈಕೊಟ್ಟ ವರ್ಷ ಜಗಳೂರಿನಂಥ ಬರದ ಸೀಮೆಯಲ್ಲಿ ಹೆತ್ತವರು ಕೆಲಸ ಹುಡುಕಿ ದೂರ ಹೋಗುತ್ತಾರೆ, ಮಗು ಅಜ್ಜಿಯ ಬಳಿಯಲ್ಲೋ ಹಾಸ್ಟೆಲಿನಲ್ಲೋ ಉಳಿಯುತ್ತದೆ. ತಂದೆಯ ಕುಡಿತ, ತಾಯಿಯ ಕಣ್ಣೀರು, ಮನೆಯಲ್ಲಾದ ಸಾವು, ದೊಡ್ಡ ಹುಡುಗರ ಕಾಟ, ಮೇಷ್ಟರ ಬೆತ್ತ ಎಲ್ಲವೂ ಮಗುವಿನ ಹೊಟ್ಟೆಯಲ್ಲಿ ನೋವಾಗಿ ಕೂರಬಹುದು. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಯಾರಾದರೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಇದರಲ್ಲಿ ಗುರುಗಳಿಗೂ ಭಗಿನಿಯರಿಗೂ ಶಿಕ್ಷಕರಿಗೂ ವಿನಾಯಿತಿ ಇಲ್ಲ.

ಇಂಥ ಮಗುವನ್ನು ಕಣ್ಣು ಮುಚ್ಚಿಸಿ ‘ನಿನಗೆ ಭಯವಿಲ್ಲ’ ಎಂದರೆ ಪ್ರಯೋಜನವೇನು? ಭಯಪಡಿಸುವವರು ಹಾಗೆಯೇ ಉಳಿದಿರುತ್ತಾರಲ್ಲ!

ಯಾರು ಮಾಡಬಹುದು?

ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್ 25ರ ಆದೇಶದಲ್ಲಿ ಹಿಪ್ನೋಥೆರಪಿಯನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿಕೊಂಡಿದೆ. ಆದರೆ ಅದು ಸ್ವತಂತ್ರ ವೈದ್ಯ ಪದ್ಧತಿಯಲ್ಲ. ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಮಾತ್ರ ಅದನ್ನು ಬಳಸಬೇಕು. ಹಿಪ್ನೋಥೆರಪಿ ಕಲಿತ ಮಾತ್ರಕ್ಕೆ ಯಾರೂ ‘ಡಾಕ್ಟರ್’ ಆಗುವುದಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು.

ಆದ್ದರಿಂದ ಯಾರ ಬಳಿ ಹೋದರೂ ಈ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ನಿಮ್ಮ ಮೂಲ ವಿದ್ಯಾಭ್ಯಾಸ ಏನು? ನೋಂದಣಿ ಸಂಖ್ಯೆ ಯಾವುದು? ಮಕ್ಕಳೊಂದಿಗೆ ಕೆಲಸ ಮಾಡಿದ ಅನುಭವ ಇದೆಯೇ? ಹಿಪ್ನೋಥೆರಪಿ ಇಲ್ಲದೆಯೂ ಈ ತೊಂದರೆಗೆ ನೀವು ಚಿಕಿತ್ಸೆ ಕೊಡಬಲ್ಲಿರಾ? ಈ ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಎದ್ದು ಬನ್ನಿ. ಒಂದೇ ದಿನದಲ್ಲಿ ಗುಣ, ನೂರಕ್ಕೆ ನೂರು ಖಾತ್ರಿ, ಮೊದಲೇ ಪೂರ್ತಿ ಹಣ, ಮಾತ್ರೆ ನಿಲ್ಲಿಸಿ, ಕೋಣೆಯ ಬಾಗಿಲು ಮುಚ್ಚುತ್ತೇವೆ, ನೀವು ಹೊರಗಿರಿ ಎಂಬ ಮಾತುಗಳಲ್ಲಿ ಯಾವುದು ಕಿವಿಗೆ ಬಿದ್ದರೂ ಮಗುವಿನ ಕೈ ಹಿಡಿದುಕೊಂಡು ಹೊರಡಿ. ತಂದೆಯೋ ತಾಯಿಯೋ ಹಾಸ್ಟೆಲಿನ ಜವಾಬ್ದಾರಿ ಹೊತ್ತವರೋ ಮಗುವಿಗೆ ಕಾಣುವಷ್ಟು ಹತ್ತಿರದಲ್ಲಿರಬೇಕು.

ಧರ್ಮಸಭೆ ಏನು ಹೇಳುತ್ತದೆ?

ಧರ್ಮಸಭೆ ಹಿಪ್ನಾಟಿಸಮ್ಮನ್ನು ನಿಷೇಧಿಸಿದೆ ಎಂಬ ಮಾತು ನಮ್ಮಲ್ಲಿ ಕೇಳಿಬರುತ್ತದೆ. 1847ರಲ್ಲೂ 1856ರಲ್ಲೂ ರೋಮಿನ ಪವಿತ್ರ ಕಚೇರಿ ‘ಕಾಂತಶಕ್ತಿ’ಯ ಪ್ರಯೋಗಗಳ ಬಗ್ಗೆ ಎಚ್ಚರಿಕೆ ಕೊಟ್ಟದ್ದು ನಿಜ. ಆಗ ಖಂಡಿಸಿದ್ದು ಅದರ ಹೆಸರಿನಲ್ಲಿ ನಡೆಯುತ್ತಿದ್ದ ಭವಿಷ್ಯ ಹೇಳುವುದು, ಸತ್ತವರನ್ನು ಮಾತನಾಡಿಸುವುದು ಮುಂತಾದ ದುರುಪಯೋಗಗಳನ್ನು. 1957ರ ಫೆಬ್ರವರಿ 24ರಂದು ಪೋಪ್ ಹನ್ನೆರಡನೆಯ ಪಿಯುಸ್ ಅವರು ಅರಿವಳಿಕೆ ತಜ್ಞರೊಂದಿಗೆ ಮಾತನಾಡುತ್ತಾ, ವೈದ್ಯರು ಚಿಕಿತ್ಸೆಗಾಗಿ, ವಿಜ್ಞಾನ ಮತ್ತು ನೀತಿಯ ಮಿತಿಯೊಳಗೆ ಸಮ್ಮೋಹನವನ್ನು ಬಳಸಬಹುದೆಂದು ತಿಳಿಸಿದರು. ಇದು ಕುತೂಹಲಕ್ಕಾಗಿ ಯಾರು ಬೇಕಾದರೂ ಕೈಯಾಡಿಸುವ ಆಟವಲ್ಲ, ಗುರುಗಳಾದರೂ ಅಷ್ಟೇ, ಎಂಬ ಎಚ್ಚರವನ್ನೂ ಕೊಟ್ಟರು. ಧ್ಯಾನಕೂಟ ನಡೆಸುವ ನಮಗೆಲ್ಲ ಈ ಎಚ್ಚರ ಇಂದಿಗೂ ಬೇಕು.

ಮಗುವಿಗಾಗಿ ಪ್ರಾರ್ಥಿಸೋಣ, ಅದು ನಮ್ಮ ಕರ್ತವ್ಯ. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಮಗುವಿನ ಮೇಲೆ ‘ದೆವ್ವ’ದ ಹೆಸರು ಹೊರಿಸಿ ಇನ್ನಷ್ಟು ಹೆದರಿಸುವುದು ಬೇಡ. ದೃಷ್ಟಿ ತೆಗೆದು, ತಾಯಿತ ಕಟ್ಟಿ ಕಾಯುವ ನೆರೆಮನೆಯವರನ್ನೂ ಹೀಯಾಳಿಸುವುದು ಬೇಡ. ಅವರಿಗೂ ಮಗುವಿನ ಮೇಲೆ ನಮ್ಮಷ್ಟೇ ಪ್ರೀತಿ ಇದೆ. ಜೊತೆಯಲ್ಲಿ ಆಸ್ಪತ್ರೆಗೆ ಬರುವಂತೆ ಒಲಿಸಿದರೆ ಸಾಕು.

ನಾಲ್ಕು ತಾಲೂಕುಗಳಲ್ಲಿ ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ತಾಲೂಕು ಸರಕಾರಿ ಆಸ್ಪತ್ರೆ. ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು ಇದೆ. ಚನ್ನಗಿರಿ, ಹೊನ್ನಾಳಿ, ಜಗಳೂರಿನವರು ತಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಮೊದಲೇ ಆಶಾ ಕಾರ್ಯಕರ್ತೆಯ ಮೂಲಕ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲೂಕಾದ ನ್ಯಾಮತಿಯವರಿಗೆ ಹೊನ್ನಾಳಿಯೂ ಹತ್ತಿರ, ಶಿವಮೊಗ್ಗವೂ ಹತ್ತಿರ. ಹೆಚ್ಚಿನ ಪರೀಕ್ಷೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಇನ್ನೂ ಕಠಿಣವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ.

ಎರಡನೆಯದು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದರ ವೈದ್ಯರ ತಂಡ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಕಣ್ಣು, ಕಿವಿ, ಕಲಿಕೆ, ನಡವಳಿಕೆ ಎಲ್ಲವೂ ಅವರ ಪಟ್ಟಿಯಲ್ಲಿದೆ. ತಂಡ ಬಂದ ದಿನ ಆ ಮಗು ಗೈರುಹಾಜರಾಗದಂತೆ ನೋಡಿಕೊಳ್ಳಿ.

ಮೂರನೆಯದು, ಫೋನ್. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಆಪ್ತಸಮಾಲೋಚಕರು ಸಿಗುತ್ತಾರೆ. ಮಗು ಅಪಾಯದಲ್ಲಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098.

ಈ ಸೀಮೆಗೆ ಮನಸ್ಸಿನ ಕಾಯಿಲೆಯ ಮಾತು ಹೊಸದಲ್ಲ. ಪಕ್ಕದ ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರು 2016ರಲ್ಲಿ ನಿಧನರಾಗುವವರೆಗೂ ಚಿಕಿತ್ಸೆಯ ಜೊತೆಗೆ ಬರಹ, ಸಿನಿಮಾಗಳ ಮೂಲಕ ಇದನ್ನು ಜನರ ಮಾತಿಗೆ ತಂದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ. ನಮ್ಮ ಧರ್ಮಕೇಂದ್ರಗಳ ಗ್ರಂಥಾಲಯಗಳಲ್ಲಿ ಅವು ಇರಬೇಕು.

ನಾವು ಏನು ಮಾಡಬಹುದು?

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ನಮ್ಮ ಕ್ರಿಸ್ತೋಪದೇಶದ ತರಗತಿಯಲ್ಲೂ ಅವರಿದ್ದಾರೆ. ಉಪದೇಶಿಗಳೂ ವಾಳೆಯ ಗುರಿಕಾರರೂ ಹಾಸ್ಟೆಲಿನ ಮೇಲ್ವಿಚಾರಕರೂ ಚಿಕಿತ್ಸಕರಾಗಬೇಕಿಲ್ಲ. ಗಮನಿಸಬೇಕು, ಬರೆದಿಡಬೇಕು, ಸರಿಯಾದ ಬಾಗಿಲಿಗೆ ಮುಟ್ಟಿಸಬೇಕು. ಮಗುವಿನ ಗುಟ್ಟನ್ನು ಸಭೆಯಲ್ಲಿ ಹೇಳಬಾರದು. ಒದ್ದೆಯಾದ ಹಾಸಿಗೆಯನ್ನು ಎಲ್ಲರ ಎದುರು ಒಣಗಲು ಹಾಕಿಸಬಾರದು.

ಕೊನೆಗೆ ಆ ಭಗಿನಿಗೆ ನಾವು ಕೊಟ್ಟ ಉತ್ತರ ಇಷ್ಟು: “ಸಿಸ್ಟರ್, ನಾಳೆಯೇ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂತ್ರ, ರಕ್ತದ ಸಕ್ಕರೆ, ಕಣ್ಣು ಪರೀಕ್ಷೆ ಮಾಡಿಸಿ. ಎರಡು ವಾರ ಯಾವ ದಿನ ಹೊಟ್ಟೆನೋವು ಬರುತ್ತದೆ, ಅಂದು ಶಾಲೆಯಲ್ಲಿ ಯಾವ ಪಾಠ, ಯಾವ ಶಿಕ್ಷಕರು ಎಂದು ಬರೆದಿಡಿ. ಎರಡು ತಿಂಗಳ ಹಿಂದೆ ಏನು ಬದಲಾಯಿತೆಂದು ಅವನ ಅಮ್ಮನನ್ನು ಕೇಳಿ. ಮಂಗಳವಾರ ಮನೋವೈದ್ಯರಿಗೆ ಆ ಚೀಟಿ ತೋರಿಸಿ. ಹಿಪ್ನೋಥೆರಪಿ ಪಾಪವಲ್ಲ. ಅವರು ಬೇಕೆಂದರೆ ಮಾಡಿಸೋಣ. ಆದರೆ ಅದಕ್ಕೂ ಮೊದಲು, ರಾತ್ರಿ ಅವನು ಎದ್ದು ಅತ್ತರೆ ಕರೆದ ಕೂಡಲೇ ಬರುವವರು ಒಬ್ಬರಿದ್ದಾರೆ ಎಂದು ಅವನಿಗೆ ತಿಳಿದಿರಲಿ.”

ನಮ್ಮ ಓದುಗರಿಗೂ ನಮ್ಮ ಮಾತು ಇದೇ.